ಮೊದಲು ನಿಮ್ಮ ಕೋವಿ ಬರೆಸಿ

ಹೊಳೆಮರಡಗಿ, ಭೀಮೆಯ ಎಡದಂಡೆ
ಕಾರಹುಣ್ಣಿಮೆಯ ಮರುದಿನ, ೨೨೦೯

ಹಿಂದಿನವರೇ,

ಮೇಲಿನ ತಾರೀಖು ನಿಮಗೆ ಬರವಣಿಗೆಯ ತಪ್ಪೆಂದು ತೋರಬಹುದು. ತಪ್ಪಲ್ಲ. ನನ್ನ ಕೆಲವು ಮಾತುಗಳೂ ನಿಮ್ಮ ಕಿವಿಗೆ ಒಗ್ಗಲಾರವು. ಭಾಷೆ ನಿಮ್ಮದೇ, ನಡುವೆ ಬಹಳ ನೀರು ಹರಿದಿದೆ, ಕ್ಷಮಿಸಿ. ನಮ್ಮಲ್ಲಿ ನಾಡಕಟ್ಟೆಯಲ್ಲಿ, ಅಂದರೆ ಸೀಮೆಯ ಊರುಗಳೆಲ್ಲ ಸೇರಿ ಕಾಯ್ದೆ ಮಾಡುವ ಸಭೆಯಲ್ಲಿ, ಮಾತಾಡಲಿರುವವರು ಹಿಂದಿನ ದಿನ ಗತಿಸಿದ ತಲೆಮಾರಿಗೆ ಒಂದು ಪತ್ರ ಬರೆಯಬೇಕೆಂಬ ರೂಢಿಯಿದೆ. ಅದನ್ನು ಹಿಂದೋಲೆ ಎನ್ನುತ್ತೇವೆ. ಸತ್ತವರೆದುರು ಹೇಳಲಾಗದ್ದನ್ನು ಬದುಕಿದವರೆದುರು ಹೇಳಬಾರದು ಎಂಬುದು ಅದರ ಅರ್ಥ. ನಾನು ರುದ್ರಾಂಬೆ, ಕುರಿ ಸಾಕುವ ಮನೆತನದವಳು. ನಾಳೆ ಕೋವಿಗಳ ವಿಷಯ ಮಾತಾಡಬೇಕಾಗಿದೆ.

ನಿಮ್ಮ ಕಾಲದಲ್ಲಿ ಕೋವಿ ಕೆಲವೇ ಮನೆಗಳ ಮಾತಾಗಿತ್ತೆಂದು ಓದಿದ್ದೇನೆ. ನಮ್ಮಲ್ಲಿ ಅದು ಚಪ್ಪಲಿಯಷ್ಟು ಸಾಮಾನ್ಯ. ನನ್ನ ಅತ್ತೆಯ ಬಾಲ್ಯದಲ್ಲಿ ಹೊಳೆ ಬತ್ತಿ, ಮೇಲಿನ ಊರವರು ಕೆಳಗಿನ ಊರವರ ನೀರನ್ನು ಬಲದಿಂದ ಕಸಿಯತೊಡಗಿದರು. ಆ ದಿನಗಳಿಗೆ ನೀರಗಾವಲಿನ ಕಾಲ ಎಂದು ಹೆಸರು. ಪ್ರತಿ ಊರೂ ತನ್ನ ಒಡ್ಡಿನ ಬಾಗಿಲು ಕಾಯಲು ಅಚ್ಚುಕೋವಿ ಮಾಡಿಕೊಂಡಿತು. ಕಬ್ಬಿಣದ ಪುಡಿಯಿಂದ ಮನೆಯ ಯಂತ್ರವೇ ಅಚ್ಚೊತ್ತಿ ಕೊಡುವ ಕೋವಿ ಅದು. ಮುಂದೆ ನೀರು ಬಂತು, ಗಾವಲು ಮುಗಿಯಿತು, ಕೋವಿಗಳು ಮಾತ್ರ ಸೊಂಟದಲ್ಲೇ ಉಳಿದವು. ಮದುವೆಯ ಹಂದರದಲ್ಲಿ ಅವನ್ನು ತೂಗುಹಾಕಲು ಗೂಟಗಳಿರುತ್ತವೆ. ಬೀಗರು ಒಬ್ಬರ ಗೂಟವನ್ನೊಬ್ಬರು ನೋಡುತ್ತಲೇ ಹೋಳಿಗೆ ತಿನ್ನುತ್ತಾರೆ. ಸಂತೆಯಲ್ಲಿ ದನಿ ಏರಿದರೆ ತಾಯಂದಿರು ಏನೂ ಹೇಳದೆ ಮಕ್ಕಳನ್ನು ಗೋಡೆಯ ಕಡೆಗೆ ಸರಿಸುತ್ತಾರೆ. ಗಂಟಲು ಬಿಟ್ಟು ಜಗಳಾಡುವ ಸುಖವೇ ನಮಗೆ ಗೊತ್ತಿರಲಿಲ್ಲ. ಮಾತು ಬಿಸಿಯಾಗುವ ಮೊದಲೇ ಎಲ್ಲರೂ ಎದುರಿನವನ ಕೈ ಎಲ್ಲಿದೆ ಎಂದು ನೋಡುತ್ತಿದ್ದರು.

ನನ್ನ ಗಂಡ ಮಾಳಿಂಗ ಕುರಿಸಂತೆಯಲ್ಲಿ ಸತ್ತ. ಅವನದೇನೂ ಜಗಳವಿರಲಿಲ್ಲ. ಯಾರೋ ಇಬ್ಬರು ಒಂದು ಟಗರಿಗಾಗಿ ವಾದಿಸುತ್ತಿದ್ದರಂತೆ. ಇವನು ಚಹಾದ ಕಪ್ಪು ಹಿಡಿದು ಆಚೆ ನಿಂತಿದ್ದ. ಗುಂಡು ಹಾರಿತು, ಜನ ಚದುರಿದರು, ಕಪ್ಪು ಕೈಯಲ್ಲಿರುವಾಗಲೇ ಇವನು ಕುಳಿತ, ಆಮೇಲೆ ಮಲಗಿದ. ಕಾಪಿನವರು, ನೀವು ಪೊಲೀಸರು ಎನ್ನುತ್ತಿದ್ದವರು, ಗುಂಡನ್ನು ತೆಗೆದು ಒರೆಸಿ ನನ್ನ ಅಂಗೈಯಲ್ಲಿಟ್ಟರು. ಪ್ರತಿ ಕೋವಿಯೂ ತನ್ನ ಗುಂಡಿನ ಮೈಮೇಲೆ ತನ್ನದೇ ಗೀರು ಬಿಡುತ್ತದೆ. ಅದಕ್ಕೆ ಗುಂಡುಗುರುತು ಎನ್ನುತ್ತೇವೆ. ಗುರುತೇನೋ ಸ್ಪಷ್ಟವಾಗಿತ್ತು. ಯಾವ ಕೋವಿ ಯಾರದೆಂದು ಯಾರೂ ಬರೆದಿಟ್ಟಿರಲಿಲ್ಲವಾದ್ದರಿಂದ ಅದನ್ನು ಯಾವುದರ ಜೊತೆ ಹೋಲಿಸುವುದು? "ಸೀಮ್ಯಾಗಿನ ಯಾವ ಕೋವಿನರ ಆಗಿರಬಹುದು ತಂಗಿ" ಎಂದರು ಅವರು. ನನ್ನ ಗಂಡನನ್ನು ಕೊಂದವನು ಇಂದಿಗೂ ಸಿಕ್ಕಿಲ್ಲ. ಅವನು ಅದೇ ಸಂತೆಗೆ ಬರುತ್ತಿರಬಹುದು. ನನ್ನ ಕೈಯಿಂದ ಉಣ್ಣೆ ಕೊಂಡಿರಬಹುದು.

ಅದೇ ವರ್ಷ ನಾಡಕಟ್ಟೆಯ ಮುಂದೆ ಬರಹದ ಕಾಯ್ದೆ ಬಂತು. ಎಲ್ಲ ಕೋವಿಗಳನ್ನೂ ಕಾಪಿನ ಠಾಣೆಗೆ ತಂದು, ಒಂದು ಗುಂಡು ಹಾರಿಸಿ, ಅದರ ಗುರುತನ್ನು ಒಡೆಯನ ಹೆಸರಿನೊಂದಿಗೆ ಬರೆಸಬೇಕು. ನಾನು ಕಾಯ್ದೆಯ ಪರವಾಗಿ ಊರೂರು ತಿರುಗಿ ಮಾತಾಡಿದೆ. ಅದರ ವಿರುದ್ಧ ಅಷ್ಟೇ ಗಟ್ಟಿಯಾಗಿ ಮಾತಾಡಿದವಳು ನನ್ನ ಅತ್ತೆ ಜಕ್ಕವ್ವ. ನಾವಿಬ್ಬರೂ ಒಂದೇ ಸಾವಿಗೆ ಅತ್ತವರು, ಒಂದೇ ಒಲೆಯ ಮೇಲೆ ರೊಟ್ಟಿ ಬಡಿಯುವವರು.

ಅವಳ ಮಾತನ್ನು ನಾನು ಹಗುರವಾಗಿ ಹೇಳಲಾರೆ. ನೀರಗಾವಲಿನ ಕಾಲದಲ್ಲಿ ಅವಳ ತವರೂರು ಆಗಿನ ಸರಕಾರವನ್ನು ನಂಬಿ ತನ್ನ ಕೋವಿಗಳನ್ನು ಬರೆಸಿತ್ತು. ಬರೆದುಕೊಂಡವರೇ ಕೆಲ ದಿನಗಳಲ್ಲಿ ಬಂದು ಅವನ್ನು ಎತ್ತಿಕೊಂಡು ಹೋದರು. ಆ ಊರು ಬರಿಗೈಲಿದೆ ಎಂಬ ಸುದ್ದಿ ಮೇಲಿನ ಊರಿಗೆ ಹೇಗೆ ತಲುಪಿತೋ, ಅವರು ಹಗಲಿನಲ್ಲೇ ಬಂದು ಒಡ್ಡನ್ನು ಹಿಡಿದರು. ಒಡ್ಡಿನ ಮೇಲೆ ಅಡ್ಡ ಮಲಗಿ ಸತ್ತವರಲ್ಲಿ ಅವಳ ಅಪ್ಪನೂ ಇದ್ದ.

"ಬರಸಂದ್ರ ಬರಸ್ತೀರಿ," ಎಂದಳು ಅವಳು ಕಟ್ಟೆಯಲ್ಲಿ ಎದ್ದು ನಿಂತು. "ಬರಕೊಂಡಾವ ನಾಳಿ ಯಾರ ಕೈಯಾಗಿನ ಮನಿಷ್ಯಾ ಅಂತ ನಿಮಗ ಗೊತ್ತೈತೇನು? ನನ್ನ ಮಗ ಹೋದ, ಹೊಟ್ಟಿ ಉರೀತೈತಿ ನಂದೂ. ಹಂಗಂತ ಊರಿನ ಕೊರಳ ಅವರ ಕೈಗೆ ಕೊಡ್ಲೇನು?"

ಜನ ಹೋ ಎಂದರು. ಕಾಯ್ದೆಯ ಪರ ಇದ್ದವರೂ ತಲೆ ತಗ್ಗಿಸಿದರು.

ದಿನ ಕಳೆದಂತೆ ಊರು ಎರಡು ಪಾಲಾಯಿತು. ನಮ್ಮ ಮನೆಗೆ ಹಾಲು ಹಾಕುವವನು ಬರುವುದು ನಿಲ್ಲಿಸಿದ. ಒಂದು ಮಧ್ಯಾಹ್ನ ನಾನು ಹಿಟ್ಟು ನಾದುತ್ತಿದ್ದಾಗ ಒಂದು ಗುಂಡು ಬಂದು ಬಾಗಿಲಿನ ಚೌಕಟ್ಟಿಗೆ ನಾಟಿತು. ಕಟ್ಟಿಗೆಯ ಸಿಬಿರು ಹಿಟ್ಟಿನಲ್ಲಿ ಬಿತ್ತು. ಕೈಯನ್ನು ಹಿಟ್ಟಿನಿಂದ ಎತ್ತುವುದೇ ಆಗಲಿಲ್ಲ. ಒಳಗಿನಿಂದ ಬಂದ ಅತ್ತೆ ಚೌಕಟ್ಟನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ತನ್ನ ಹೊರಸನ್ನು ಎಳೆದು ಬಾಗಿಲಿಗೆ ಅಡ್ಡ ಹಾಕಿ ಅದರ ಮೇಲೆ ಕುಳಿತು ಓಣಿಗೆ ಕೇಳುವಂತೆ ಕೂಗಿದಳು.

"ಯಾವನ್ಲೇ ಅಂವ? ಸೊಸಿ ಕೂಡ ಜಗಳ ನಂದೈತಿ, ನಾ ಮಾಡ್ತೀನಿ. ನಡುವ ನೀ ಬಂದ್ರ ಮೊದಲ ಈ ಮುದುಕಿ ಎದಿಗೆ ಹಾರಸು!"

ಅವಳು ಹೊತ್ತು ಮುಳುಗುವವರೆಗೂ ಅಲ್ಲಿಂದ ಏಳಲಿಲ್ಲ. ಮಾರನೆಯ ದಿನ ಕಟ್ಟೆಗೆ ಹೋಗಿ ಮತ್ತೆ ನನ್ನ ವಿರುದ್ಧವೇ ಮಾತಾಡಿದಳು.

ಮತದ ದಿನ ಬಂತು. ನಮ್ಮಲ್ಲಿ ಮತವೆಂದರೆ ಕಾಲಮತ: ನೆಲದ ಮೇಲೊಂದು ಗೆರೆ ಎಳೆಯುತ್ತಾರೆ, ಬೇಕೆನ್ನುವವರು ಈ ಬದಿ, ಬೇಡವೆನ್ನುವವರು ಆ ಬದಿ ನಡೆದು ನಿಲ್ಲಬೇಕು. ಎಲ್ಲರ ಸೊಂಟದಲ್ಲೂ ಕೋವಿ. ಯಾರಾದರೊಬ್ಬರು ಕೆಮ್ಮಿದ್ದರೂ ಏನಾಗುತ್ತಿತ್ತೋ. ಗೆರೆ ಎಳೆಯುವ ಮೊದಲು ಜಕ್ಕವ್ವ ಕೈ ಎತ್ತಿ ಕಾಪಿನವರ ಮುಖ್ಯಸ್ಥೆ ಸೋನಾಬಾಯಿ ರಾಠೋಡಳ ಕಡೆ ತಿರುಗಿದಳು.

"ಒಂದ ಮಾತ ಕೇಳ್ತೀನಿ. ನಿಮ್ಮ ಠಾಣ್ಯಾಗ ಎಷ್ಟ ಕೋವಿ ಅದಾವ? ಯಾವ್ದು ಯಾರ ಕೈಯಾಗ ಐತಿ?"

"ಅದು ಹೊರಗ ಹೇಳೂದಲ್ಲಬೇ," ಎಂದಳು ಸೋನಾಬಾಯಿ.

"ಹಂಗಾರ ನಂದು ಯಾಕ ಹೇಳ್ಲಿ? ಮೊದಲ ನಿಮ್ಮ ಕೋವಿ ಬರಸ್ರಿ. ಪುಸ್ತಕದಾಗ ಬ್ಯಾಡ. ಸಂತಿ ಗ್ವಾಡಿ ಮ್ಯಾಲ, ಎಲ್ಲಾರೂ ಓದೂ ಹಂಗ. ನಿಮ್ಮ ಕೆಳಗ ನನ್ನ ಹೆಸರು ಬರೀತೀನಿ. ಒಬ್ಬರಿಂದ ಕಸಗೋಬೇಕಂದ್ರ ಹಗಲಾಗ, ಊರ ಮುಂದ, ಕಾರಣ ಹೇಳಿ ಕಸಗೋಬೇಕು."

ನನ್ನ ಕಡೆಯವರಿಗೆ ಇದು ಸಿಟ್ಟು ತರಿಸಿತು. ಕಾಪಿನವರ ಕೋವಿಗಳನ್ನು ಗೋಡೆಗೆ ಬರೆದರೆ ಕಳ್ಳರಿಗೇ ಅನುಕೂಲ ಎಂದರು. ಅತ್ತೆಯ ಕಡೆಯವರು ಅವಳು ತನ್ನನ್ನೇ ಮಾರಿಕೊಂಡಳೆಂದರು. ನಾನು ಎದ್ದು, ಈ ಷರತ್ತು ನನಗೆ ಒಪ್ಪಿಗೆ ಎಂದೆ. ಸೋನಾಬಾಯಿ ತನ್ನ ಸೊಂಟದಿಂದ ಕೋವಿ ಬಿಚ್ಚಿ ಮೇಜಿನ ಮೇಲಿಟ್ಟು, "ಇದರಿಂದ ಸುರು ಮಾಡ್ರಿ" ಎಂದಳು. ಗೆರೆ ಎಳೆದರು. ಜಕ್ಕವ್ವ ಕೋಲೂರುತ್ತ ಬಂದು ನನ್ನ ಪಕ್ಕ ನಿಂತಳು. ಕೆಲವೇ ಜನರ ಅಂತರದಲ್ಲಿ ಕಾಯ್ದೆ ಗೆದ್ದಿತು. ಗೋಡೆಯ ಮೇಲೆ ಕಾಪಿನವರ ಕೋವಿಗಳಾದ ಮೇಲೆ, ಊರವರದ್ದರಲ್ಲಿ ಮೊದಲ ಹೆಸರು ಅವಳದೇ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಓಲೆಯನ್ನು ಸಂತೋಷದಿಂದ ಬರೆಯುತ್ತಿದ್ದೆ. ಮರುವರ್ಷ ಬೇಸಿಗೆಯಲ್ಲಿ ನನ್ನ ಮೈದುನ ಅಮೋಗಿ, ಜಕ್ಕವ್ವನ ಉಳಿದ ಒಬ್ಬನೇ ಮಗ, ಕುರಿಗಳನ್ನು ಹೊಳೆ ದಾಟಿಸಲು ಹೋದವನು ಅಂಬಿಗ ದಾವಲಸಾಬನೊಂದಿಗೆ ಸರದಿಗಾಗಿ ಜಗಳಾಡಿದ. ಸೊಂಟದಲ್ಲಿದ್ದುದು ತಾಯಿಯ ಕೋವಿ. ಹಾರಿಸಿದ, ಓಡಿದ, ಮನೆಗೆ ಬಂದು ಏನೂ ಆಗದವನಂತೆ ಕುರಿಗಳಿಗೆ ಸೊಪ್ಪು ಹಾಕಿದ. ಕೋವಿಯನ್ನು ಅದರ ಗೂಟಕ್ಕೇ ತೂಗುಹಾಕಿದ. ದೋಣಿ ಕಟ್ಟುವ ಘಟ್ಟದಲ್ಲಿ ಧೂಳಿತ್ತು, ಕುರಿಗಳಿದ್ದವು. ಹಾರಿಸಿದವನ ಮುಖವನ್ನು ಸರಿಯಾಗಿ ನೋಡಿದವರಿರಲಿಲ್ಲ. ದಾವಲಸಾಬನಿಗೆ ಪ್ರಜ್ಞೆಯಿರಲಿಲ್ಲ. ಅವನ ತೊಡೆಯಿಂದ ತೆಗೆದ ಗುಂಡಿನ ಗುರುತು ಜಕ್ಕವ್ವನ ಹೆಸರಿಗೆ ಹೊಂದಿತು.

ಸೋನಾಬಾಯಿ ಇಬ್ಬರು ಕಾಪಿನವರೊಂದಿಗೆ ನಮ್ಮ ಓಣಿಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಅವರಿಗಿಂತ ಮೊದಲೇ ಸುದ್ದಿ ಬಂದಿತ್ತು. ಓಣಿಯ ಎರಡೂ ಬದಿಗೆ ಜನ, ಮಾಳಿಗೆಗಳ ಮೇಲೆ ಜನ, ಎಲ್ಲರ ಕೈ ಸೊಂಟದ ಹತ್ತಿರ. ಕಾಯ್ದೆಯ ಮತದಲ್ಲಿ ಸೋತವರು ಇದೇ ಗಳಿಗೆಗೆ ಕಾದಿದ್ದರು. "ಬರಸಿದ್ದಕ್ಕ ಬಂದ್ರು ನೋಡ್ರಿ!" ಎಂದು ಯಾರೋ ಕೂಗಿದರು. "ಜಕ್ಕವ್ವಾಯಿ, ಹೂಂ ಅನ್ನು. ಒಬ್ಬನೂ ಓಣಿ ದಾಟೂದಿಲ್ಲ."

ನಾನು ಹೊಸ್ತಿಲಲ್ಲಿ ಅವಳ ಹಿಂದೆ ನಿಂತಿದ್ದೆ. ಸೋನಾಬಾಯಿ ಗುಂಡುಗುರುತು ಯಾರ ಹೆಸರಿಗೆ ಹೊಂದಿದೆ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಅತ್ತೆಯ ಒಂದು ಹೂಂ ಸಾಕಿತ್ತು.

"ಕೋವಿ ನಂದ ಐತಿ," ಎಂದಳು ಅವಳು ಸೋನಾಬಾಯಿಗೆ. "ಹಾರಿಸಿದಾಕಿ ನಾ ಅಲ್ಲ. ದಾವಲಾ ಬದಕ್ಯಾನೇನು?"

"ಬದಕ್ಯಾನ. ಕಾಲ ಉಳಿಯೂದಿಲ್ಲ."

ಜಕ್ಕವ್ವ ಕಣ್ಣು ಮುಚ್ಚಿ ತೆರೆದಳು. "ಅಮೋಗಿ, ಹೊರಗ ಬಾ."

ಹಿತ್ತಲ ಬಾಗಿಲ ಅಗಳಿಯ ಸದ್ದು ನನಗೆ ಕೇಳಿತು, ಅವಳಿಗೂ ಕೇಳಿರಬೇಕು.

"ಹಿತ್ತಲದಿಂದ ಹೋದ್ರ ನೀ ಜೀವನದಾಗ ಮುಂಬಾಗಲಕ್ಕ ಬರಾಂಗಿಲ್ಲ ನೋಡು. ನಾ ಬರ್ತೀನಿ ನಿನ್ನ ಕೂಡ. ಬಾ ಹೊರಗ."

ಅವನು ಬಂದ. ಇಪ್ಪತ್ತರ ಹುಡುಗ, ಗಲ್ಲದ ಮೇಲೆ ಸೊಪ್ಪಿನ ಹಸಿರು. ಮಾಳಿಗೆಯ ಮೇಲಿಂದ ಹಾರಿಸಲೆಂದು ಒಂದು ಕೋವಿಯ ಕುದುರೆಯನ್ನು ಹಿಂದಕ್ಕೆಳೆದ ಸದ್ದಾಯಿತು. ಜಕ್ಕವ್ವ ತಲೆ ಎತ್ತಿ ಆ ಕಡೆ ನೋಡಿದಳು. "ಇಳಸಲೇ ಅದನ್ನ," ಎಂದಳು, ಗದರದೆ, ದಣಿದವಳ ದನಿಯಲ್ಲಿ. "ಗ್ವಾಡಿ ಮ್ಯಾಲ ಇವರ ಹೆಸರೂ ಐತಿ, ನಂದೂ ಐತಿ. ಕಾರಣ ಹೇಳಿ ಬಂದಾರ. ದಾರಿ ಬಿಡ್ರಿ." ಮಗನ ಮುಂಗೈ ಹಿಡಿದು ತಾನೇ ಮುಂದೆ ನಡೆದಳು. ಓಣಿ ದಾರಿ ಬಿಟ್ಟಿತು. ಕಾಪಿನವರು ಅವರಿಬ್ಬರ ಹಿಂದೆ ನಡೆದರು.

ಅಮೋಗಿಗೆ ಒಡ್ಡಿನ ಕೆಲಸದ ಶಿಕ್ಷೆಯಾಯಿತು, ಇನ್ನೂ ಮುಗಿದಿಲ್ಲ. ದಾವಲಸಾಬ ಒಂದೇ ಕಾಲಿನಲ್ಲಿ ದೋಣಿ ನಡೆಸುತ್ತಾನೆ, ನಮ್ಮೊಂದಿಗೆ ಮಾತಿಲ್ಲ. ಆ ದಿನ ಠಾಣೆಯಿಂದ ಮರಳಿದ ಅತ್ತೆ ನನಗೆ ಬೈಯುತ್ತಾಳೆಂದು ಕಾದೆ. ಅವಳು ನೀರು ಕುಡಿದು ಗೋಡೆಗೆ ಒರಗಿ ಕುಳಿತಳು.

"ಮಾಳಿಂಗನ್ನ ಕೊಂದಾವಂಗೂ ಒಬ್ಬಾಕಿ ತಾಯಿ ಇರ್ತಾಳ," ಎಂದಳು. "ಆಕಿನ್ನ ಯಾರೂ ಕೇಳ್ಲಿಲ್ಲ. ನನ್ನ ಕೇಳಿದ್ರು. ಕೇಳಿದ್ದು ಸರಿ ಐತಿ. ಆದ್ರ ರುದ್ರವ್ವಾ, ಸರಿ ಐತಿ ಅಂತ ಹಗರ ಆಗೂದಿಲ್ಲಬೇ ಇದು."

ನಾನು ಅವಳ ಕಾಲ ಬಳಿ ಕುಳಿತೆ. ನಾನು ಗೆದ್ದ ಕಾಯ್ದೆ ನನ್ನ ಗಂಡನನ್ನು ಕೊಂದವನನ್ನು ಹುಡುಕಲಿಲ್ಲ; ನನ್ನ ಗಂಡನ ತಮ್ಮನನ್ನು ಹುಡುಕಿತು. ಆದರೂ ಅದು ಬೇಡವಾಗಿತ್ತೆಂದು ನನಗೆ ಒಂದು ದಿನವೂ ಅನಿಸಿಲ್ಲ. ಆಮೇಲಿನ ವರ್ಷಗಳಲ್ಲಿ ಸಂತೆಯಲ್ಲಿ ದನಿಗಳು ಏರಿವೆ, ಜನ ಮನಸಾರೆ ಬೈದಾಡಿದ್ದಾರೆ, ಕೈಗಳು ಸೊಂಟಕ್ಕೆ ಹೋಗುವುದು ಕಡಿಮೆಯಾಗಿದೆ.

ಈಗ ನಾಳೆಯ ಮಾತು. ನಾಡಕಟ್ಟೆಯ ಮುಂದೆ ಹೊಸ ಕಾಯ್ದೆ ಬಂದಿದೆ. ಸೋನಾಬಾಯಿ ಕೆಲಸ ಬಿಟ್ಟಿದ್ದಾಳೆ. ಅವಳ ಜಾಗಕ್ಕೆ ಬಂದ ಹೊಸಬರು ಗೋಡೆಗೆ ಸುಣ್ಣ ಬಳಿದು ಹೆಸರುಗಳನ್ನು ಅಳಿಸಬೇಕೆನ್ನುತ್ತಾರೆ. ಜನರ ಕೋವಿಗಳ ಬರಹ ಠಾಣೆಯ ಒಳಗಿರುತ್ತದೆ, ಕಾಪಿನವರ ಕೋವಿಗಳ ಬರಹ ಎಲ್ಲೂ ಇರುವುದಿಲ್ಲ. ಎಲ್ಲರ ಸುರಕ್ಷತೆಗಾಗಿ ಎಂದು ಹೇಳುತ್ತಾರೆ, ನಯವಾಗಿಯೇ ಹೇಳುತ್ತಾರೆ. ಬರಹ ಬೇಕೆಂದು ಕೂಗಿದವಳು ಈಗ ಬರಹದ ಕಾಯ್ದೆಯನ್ನೇ ವಿರೋಧಿಸುತ್ತಾಳೆಂದು ನನ್ನ ಕಡೆಯವರು ಈಗಾಗಲೇ ಮುಖ ತಿರುಗಿಸಿದ್ದಾರೆ. ಅತ್ತೆಗೆ ಈಗ ನಡೆಯಲಾಗುವುದಿಲ್ಲ. ಗೆರೆಯ ಬಳಿ ನಾನು ಒಬ್ಬಳೇ ನಿಲ್ಲಬೇಕಾಗಬಹುದು.

ಹಿಂದಿನವರೇ, ನಿಮ್ಮಲ್ಲೂ ಈ ಜಗಳ ನಡೆಯುತ್ತಿರುತ್ತದೆ. ಬರೆಸಿದರೆ ಗುಲಾಮರಾಗುತ್ತೇವೆ ಎನ್ನುವವರೂ ಬರೆಸಿದರೆ ಸಾವೇ ನಿಲ್ಲುತ್ತದೆ ಎನ್ನುವವರೂ ನಿಮ್ಮ ನಡುವೆ ಇದ್ದೇ ಇರುತ್ತಾರೆ. ಎರಡೂ ಅಷ್ಟು ಸಲೀಸಲ್ಲ. ಕೋವಿ ಬರೆಸಿ; ಸಂತೆಯಲ್ಲಿ ಒಬ್ಬ ಮನುಷ್ಯ ಸುಮ್ಮನೆ ಬಿದ್ದರೆ ಯಾರ ಕೋವಿ ಎಂದು ಕೇಳುವ ದಾರಿ ಇರಲಿ. ಬರೆದುಕೊಳ್ಳುವವನ ಸೊಂಟದಲ್ಲಿರುವುದು ಯಾವ ಕೋವಿ ಎಂದು ಕೇಳುವ ದಾರಿಯೂ ಇರಲಿ. ಎರಡನೆಯದನ್ನು ಕೇಳುವವರ ಮೇಲೆ ನಿಮಗೆ ಸಿಟ್ಟು ಬರುತ್ತದೆ, ಅವರು ಕೊಂದವರ ಪರವೆಂದು ತೋರುತ್ತದೆ. ಅವರಲ್ಲಿ ಮಗನನ್ನು ಕಳೆದುಕೊಂಡ ತಾಯಿಯೂ ಇರಬಹುದು. ಅವಳ ಮಾತು ಮುಗಿಯುವವರೆಗೆ ಕಾಯಿರಿ.

ನಾಳೆಯ ಸಭೆಗೆ ಹೊಳೆ ದಾಟಬೇಕು, ದೋಣಿಗೆ ಹೊತ್ತಾಯಿತು. ದಾವಲಸಾಬನ ಸರದಿ ಇವತ್ತು. ಅವನು ನನ್ನನ್ನು ಹತ್ತಿಸಿಕೊಳ್ಳುತ್ತಾನೋ ಇಲ್ಲವೋ, ಹೋಗಿ ಕೇಳಬೇಕು.

ನಿಮ್ಮ ಮುಂದಿನವಳು,
ರುದ್ರಾಂಬೆ