ಜೇಬಿಗೆ ಹೋದ ಕೈ

ಮಾರ್ಚ್ ೩

ಇವತ್ತು ಮತ್ತೆ ಸತ್ತೆ. ಟಿವಿಯಲ್ಲಿ ಐದನೇ ಸಾವು. ಈ ಕಪ್ಪು ಬಣ್ಣಕ್ಕೆ ಯಾವಾಗಲೂ ಕಳ್ಳನ ಪಾರ್ಟೇ. ಈ ಸಲ ಮಾತ್ರ ಕಳ್ಳನಲ್ಲ — ವಿಳಾಸ ಹುಡುಕಿಕೊಂಡು ಬಂದ ಅಮಾಯಕ. ಬೀದಿ ಕಾಯುವ ಹೀರೋ ಎದುರು ಎರಡೂ ಕೈ ಎತ್ತಿ "ಮನೆ ಹುಡುಕ್ತಾ ಇದೀನಿ ಸಾರ್" ಅನ್ನಬೇಕು. ಆಮೇಲೆ ಗುಂಡು. ಒಂದೇ ಟೇಕ್‌ನಲ್ಲಿ ಓಕೆ.

ಅಪ್ಪನಿಗೆ ಹೇಳಿದೆ. "ಅಂತೂ ಸಾಯೋದಕ್ಕೂ ಮರ್ಯಾದೆ ಬಂತು ಅನ್ನು" ಅಂದರು. ತುಂಬ ಖುಷಿ ಅವರಿಗೆ. ನನಗೂ.

ಮಾರ್ಚ್ ೨೦, ರಾತ್ರಿ

ಪ್ರಸಾರವಾಯಿತು. ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿದ್ದರು ಅಪ್ಪ. ನನ್ನ ಮಾತೇ ಇಲ್ಲ. ಕೈ ಎತ್ತಿದ್ದೂ ಇಲ್ಲ. ಕೈ ಜೇಬಿಗೆ ಹೋಗುತ್ತದೆ — ಢಂ. ಅದು ಟೇಕ್ ಶುರುವಾಗುವ ಮುಂಚೆ ಬೆವರೊರೆಸಲು ಕರ್ಚೀಫ್ ತೆಗೆದದ್ದು. ಹಾಳು ಕ್ಯಾಮೆರಾ ಆಗಲೇ ಓಡುತ್ತಿತ್ತು.

ಡೈರೆಕ್ಟರಿಗೆ ಫೋನ್ ಮಾಡಿದೆ. "ಆತ್ಮರಕ್ಷಣೆ ಅನ್ನಿಸ್ಬೇಕಲ್ಲಪ್ಪಾ. ಇಲ್ದಿದ್ರೆ ಹೀರೋ ಕೊಲೆಗಾರ ಆಗ್ಬಿಡ್ತಾನೆ."

ಮತ್ತೆ ಇನ್ನೇನು ಅವನು? "ಸರಿ ಸಾರ್" ಅಂದೆ. ಹೊಟ್ಟೆಪಾಡು.

ಅಪ್ಪ: "ಜೇಬಿಗೆ ಯಾಕೋ ಕೈ ಹಾಕ್ದೆ?"

"ಹಾಕಿಲ್ಲಪ್ಪ."

"ಕಣ್ಣಾರೆ ನೋಡಿದ್ನಲ್ಲೋ."

ಮಾರ್ಚ್ ೨೭

ನಮ್ಮ ಬೀದಿಯಲ್ಲೂ ಕಾವಲು ಪಡೆ. ಸೀಟಿ, ಕ್ರಿಕೆಟ್ ಬ್ಯಾಟು. ಸೀರಿಯಲ್ ನೋಡಿಯೇ ಹುರುಪು ಬಂದದ್ದಂತೆ. ಎದುರುಮನೆಯವರು "ಹೆದರ್ಬೇಡಿ, ನೀವು ನಮ್ಮೋರೇ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಗಿದೆ. ನಾನು ಕುಂಬಳಕಾಯಿ ಕಂಡೂ ಇಲ್ಲ.

ಏಪ್ರಿಲ್ ೯

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಪ್ಲಾಸ್ಟರ್.

ನಾಲ್ಕು ದಿನದ ಹಿಂದೆ ಸಂಜೆ ಶೂಟಿಂಗ್ ಮುಗಿಸಿ ಬಂದೆ. ಪಡೆಗೆ ಹೊಸದಾಗಿ ಸೇರಿದ ಇಬ್ಬರು, ನನ್ನ ಗುರುತಿಲ್ಲದವರು, ಗೇಟಿನಲ್ಲೇ ತಡೆದರು. "ಯಾರ್ರೀ ನೀವು? ಕಾರ್ಡ್ ತೋರ್ಸಿ." ಕಾರ್ಡು ಜೇಬಿನಲ್ಲಿ. ತೆಗೆಯಲು ಹೋದೆ. ಮಹಡಿಯಿಂದ ಅಪ್ಪ ನೋಡುತ್ತಿದ್ದರು. ಪ್ರಾಣ ಹೋದಂತೆ ಕೂಗಿದರು — "ಜೇಬಿಗೆ ಕೈ ಹಾಕ್ಬೇಡ ಕಣೋ!"

ಜೇಬಿನಲ್ಲಿ ಏನೋ ಇದೆ ಅಂದುಕೊಂಡರು ಆ ಇಬ್ಬರು. ಕೈ ಮೇಲೆ ಬ್ಯಾಟು ಬಿತ್ತು. ಪೊಲೀಸರು ಬಂದರು, ಆತ್ಮರಕ್ಷಣೆ ಅಂತ ಬರೆದುಕೊಂಡು ಹೋದರು.

ಅಂದಿನಿಂದ ಅಪ್ಪನಿಗೆ ಊಟ ಸೇರುತ್ತಿಲ್ಲ. ನನಗೆ ಮಾತ್ರ ಹೊತ್ತು ಹೊತ್ತಿಗೆ ತುತ್ತು ಮಾಡಿ ತಿನ್ನಿಸುತ್ತಾರೆ. ಇವತ್ತು ತುತ್ತು ಕೈಯಲ್ಲಿ ಹಿಡಿದೇ ಕೇಳಿದರು, "ನಾನು ಕೂಗ್ಬಾರ್ದಿತ್ತೇನೋ, ಮಗಾ?"

"ಕೂಗಿದ್ದೇ ಒಳ್ಳೇದಾಯ್ತು, ಅಪ್ಪ" ಅಂದೆ. ಬಾಯಿ ತೆರೆದೆ, ತಿಂದೆ.

ಸುಳ್ಳು. ಅವರು ಸುಮ್ಮನಿದ್ದಿದ್ದರೆ ನಾನು ಕಾರ್ಡು ತೋರಿಸಿ ಒಳಗೆ ಬಂದಿರುತ್ತಿದ್ದೆ.