ಅಮ್ಮ ತುಂಬಿದ ಕಾರ್ಡು

ಲಿವೋನಿಯಾ, ಮಿಶಿಗನ್
14 ಮಾರ್ಚ್ 1976, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ಹೇಗಿದೆ? ಅಕ್ಕನ ಬಾಣಂತನ ಅಂತ ಊರಿಗೆ ಹೋದವಳು ಬಿಸಿನೀರಿನ ಕೊಡ ನೀನೇ ಎತ್ತುತ್ತಿದ್ದೀಯ ಎಂದು ನನಗೆ ಗೊತ್ತು. ಅಜ್ಜಿಗೆ ಕೆಮ್ಮು ಇಳಿಯಿತೆ? ಮಗು ಯಾರ ಹಾಗಿದೆ ಎಂದು ನೀನು ಬರೆಯಲೇ ಇಲ್ಲ. ಇಲ್ಲಿ ಅಪ್ಪನೂ ನಾನೂ ಸೌಖ್ಯ. ಅಪ್ಪನ ಸಾರು ದಿನಕ್ಕೊಂದು ಬಣ್ಣ; ನಾನು ಮಾತಾಡದೆ ಉಣ್ಣುತ್ತೇನೆ. ಟೈರ್ ಅಂಗಡಿಯ ಕೆಲಸ ಇನ್ನೂ ಬಿಟ್ಟಿಲ್ಲ, ಅದೂ ಒಂದು ಸುದ್ದಿಯೇ.

ಮಂಗಳವಾರ ನನ್ನ ಹಳೆಯ ಹೈಸ್ಕೂಲಿನ ಕೌನ್ಸೆಲರ್ ಮಿಸೆಸ್ ಡಡೆಕ್ ಫೋನ್ ಮಾಡಿದರು. ಅಕ್ಟೋಬರ್‌ನಲ್ಲಿ ಶಾಲೆಯಿಂದ ಬಂದ ಕಾರ್ಡು ನೆನಪಿದೆಯಲ್ಲ? ಹೋದ ವರ್ಷ ಹನ್ನೆರಡನೆಯ ತರಗತಿಯಲ್ಲಿದ್ದವರೆಲ್ಲ ಈಗ ಏನು ಮಾಡುತ್ತಿದ್ದಾರೆ ಎಂದು ಲೆಕ್ಕ ಹಿಡಿಯಲು ಕಳಿಸುತ್ತಾರೆ, ಮುಗಿಸಿದವರಿಗೂ, ನನ್ನ ಹಾಗೆ ಮೂರು ತಿಂಗಳಿರುವಾಗ ಬಿಟ್ಟು ಬಂದವರಿಗೂ. ಕಾಲೇಜು, ಕಸುಬಿನ ತರಬೇತಿ, ಸೈನ್ಯ, ಕೆಲಸ, ಯಾವುದೂ ಇಲ್ಲ; ಒಂದಕ್ಕೆ ಗುರುತು ಹಾಕಬೇಕು. ಆಗ ನಾನು ಕಾರು ತೊಳೆಯುವ ಕೆಲಸವನ್ನೂ ಬಿಟ್ಟಿದ್ದೆ. "ಯಾವುದೂ ಇಲ್ಲ ಅಂತ ಹಾಕಮ್ಮ" ಎಂದೆ. ನೀನು "ಬಿಡ್ತು ಅನ್ನು! ಅಸ್ತು ದೇವತೆಗಳು ಓಡಾಡ್ತಿರ್ತಾರೆ, ಹಾಗೆಲ್ಲ ಬರೀಬಾರ್ದು" ಎಂದು ಗದರಿ, ಕಾಲೇಜಿಗೆ ಗುರುತು ಹಾಕಿ, ಎಂಜಿನಿಯರಿಂಗ್ ಎಂದೂ ಬರೆದೆ. ತಪ್ಪು ನಿನ್ನೊಬ್ಬಳದಲ್ಲ. ಅದನ್ನು ನೋಡಿಯೂ ಅಂಚೆ ಡಬ್ಬಿಗೆ ಹಾಕಿದವನು ನಾನು.

ಈ ವರ್ಷ ಶಾಲೆಯವರು ಕಾಲೇಜುಗಳಿಂದ ಹೆಸರಿನ ಪಟ್ಟಿ ತರಿಸಿ ಹೋಲಿಸಿ ನೋಡಿದರಂತೆ. ನನ್ನ ಹೆಸರು ಎಲ್ಲೂ ಸಿಗಲಿಲ್ಲ, ಬಂದು ಕಾಣು ಎಂದರು. ಗುರುವಾರ ಶಾಲೆಗೆ ಹೋದೆ. ಮೇಜಿನ ಮೇಲೆ ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದ್ದರು. ಕಾಲೇಜಿನದು ಗೇಣುದ್ದದ ಕಟ್ಟು. ಯಾವುದೂ ಇಲ್ಲದವರದು ಹತ್ತೊಂಬತ್ತೇ ಕಾರ್ಡು. ಅದು ಶಾಲೆಗೆ ನಾಚಿಕೆ ತಂದವರ ಕಟ್ಟು ಎಂದುಕೊಂಡಿದ್ದೆ. ಆದರೆ ಮಿಸೆಸ್ ಡಡೆಕ್ ಆ ಹತ್ತೊಂಬತ್ತು ಜನರಿಗೂ ಫೋನ್ ಮಾಡಿದ್ದಾರೆ. ಹನ್ನೊಂದು ಮಂದಿ ಜನವರಿಯಿಂದ ಸಂಜೆಯ ತರಗತಿಗೆ ಬರುತ್ತಿದ್ದಾರೆ. ಬಿಟ್ಟ ಪಾಠ ಮುಗಿಸುತ್ತಾ ಜೊತೆಗೆ ಯಂತ್ರ ರಿಪೇರಿ ಕಲಿಯುತ್ತಾರೆ. "ನೀನು ಈ ಕಟ್ಟಿನಲ್ಲಿದ್ದಿದ್ರೆ ನಿನಗೇ ಮೊದಲು ಫೋನ್ ಮಾಡ್ತಿದ್ದೆ. ಕಾಲೇಜಿಗೆ ಹೋದ ಹುಡುಗನಿಗೆ ಯಾಕೆ ಮಾಡಲಿ, ಹೇಳು?" ಎಂದರು.

ನಿನ್ನ ಮೇಲೆ ಬಹಳ ಸಿಟ್ಟು ಬಂತಮ್ಮ. ಪ್ಲಿಮತ್ ರೋಡಿನಲ್ಲಿ ಸುಮ್ಮನೆ ಇಪ್ಪತ್ತು ಮೈಲಿ ಡ್ರೈವ್ ಮಾಡಿದೆ. ಆಮೇಲೆ ಅನ್ನಿಸಿತು, ನೀನು ಶಾಲೆಗೆ ಸುಳ್ಳು ಹೇಳಲಿಲ್ಲ, ನನ್ನನ್ನು ಹರಸಿದೆ. ಹರಕೆ ಬರೆಯುವ ಜಾಗ ಮಾತ್ರ ಅದಲ್ಲ. ಶುಕ್ರವಾರ ಮತ್ತೆ ಹೋಗಿ ಹೊಸ ಕಾರ್ಡು ಕೇಳಿ, ಕೆಲಸ ಎಂಬುದಕ್ಕೆ ಗುರುತು ಹಾಕಿದೆ. ತರಗತಿಯಲ್ಲಿ ಒಂದು ಜಾಗ ಖಾಲಿಯಿದೆ. ನಾಳೆಯಿಂದ ಬಾ ಎಂದಿದ್ದಾರೆ. ಮುಗಿಸುತ್ತೇನೆ ಎಂದು ಮಾತು ಕೊಡಲಾರೆ, ನನ್ನನ್ನು ನೀನು ಬಲ್ಲೆ. ಹೋಗುತ್ತೇನೆ ಎಂದಷ್ಟೇ ಬರೆಯುತ್ತೇನೆ.

ಅಜ್ಜಿಗೆ ನಮಸ್ಕಾರ, ಅಕ್ಕನಿಗೆ ನೆನಪು, ಮಗುವಿನ ಎರಡು ಪಾದಕ್ಕೂ ಒಂದೊಂದು ಮುತ್ತು.

ನಿನ್ನ ಮಗ,
ದ್ವಾರಕಿ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು: ಅಕ್ಕನ ಮಾವನವರ ಪತ್ರ ನಿನ್ನೆ ಬಂತು. "ದ್ವಾರಕಾನಾಥನ ಎಂಜಿನಿಯರಿಂಗ್ ಹೇಗೆ ನಡೀತಿದೆ?" ಎಂದು ಕೇಳಿದ್ದಾರೆ; ಅವರಿಗೂ ನೀನೇ ಹಾಗೆ ಹೇಳಿರಬೇಕು. ಅಪ್ಪ ಓದಿ, "ನಿನ್ನ ವಿಷಯ, ನೀನೇ ಬರಿ" ಎಂದು ಕಾಗದವನ್ನು ನನ್ನ ಮುಂದಿಟ್ಟು ಹೋದರು. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ. ನಿನ್ನ ಹೆಸರು ಎತ್ತಿಲ್ಲ. ಎರಡೂ ಪತ್ರ ನಾಳೆ ಒಂದೇ ಟಪಾಲಿಗೆ ಹೋಗುತ್ತವೆ. ಇದು ಕೈಗೆ ಸಿಕ್ಕ ತಕ್ಷಣ ಅವರ ಮನೆಗೆ ಹೋಗಿ ನೀನೇ ಮೊದಲು ಹೇಳಿಬಿಡಮ್ಮ.