ಯಾರ್ ನಿಲ್ತೀರಿ?

ಲೇಡೀಸ್ ಹಾಸ್ಟೆಲ್, ಶಿಗ್ಗಾಂವಿ
ಗುರುವಾರ, ೨೦ ನವೆಂಬರ್ ೨೦೨೫

ಪ್ರೀತಿಯ ಪ್ರಿಯಕ್ಕಾ,

ಮೊದಲಿಗೆ ಸಾರಿ, ಫೋನ್ ಇರುವಾಗ ಪತ್ರ ಬರೆಯುತ್ತಿರುವುದಕ್ಕೆ. ಫೋನಿನಲ್ಲಿ ನನ್ನ ಧ್ವನಿ ಸ್ವಲ್ಪ ನಡುಗಿದರೂ ನೀನು "ತಡಿ, ಅಪ್ಪಗ ಕಾನ್ಫರೆನ್ಸ್ ಹಾಕ್ತೇನಿ" ಅನ್ನುತ್ತೀ. ಈ ವಿಷಯ ಅಪ್ಪನಿಗೆ ಈಗಲೇ ತಿಳಿಯಬಾರದು. ಅದಕ್ಕೇ ಹಾನಗಲ್ಲಿನಲ್ಲಿ ನೀನು ಕಲಿಸುವ ಸ್ಕೂಲಿನ ಅಡ್ರೆಸ್ಸಿಗೆ ಕಳಿಸುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ಕೆಂಪು ಪೆನ್ನು ತೆಗೆಯಬೇಡ; ಐದನೇ ಕ್ಲಾಸಿಗೇ ಇಂಗ್ಲಿಷ್ ಮೀಡಿಯಂ ಹಾಸ್ಟೆಲ್ಲಿಗೆ ಹಾಕಿದವರು ನೀವೇ.

ಗಾಬರಿಯಾಗಬೇಡ, ಆರಾಮಾಗಿದ್ದೇನೆ. ಮೊನ್ನೆಯಿಂದಂತೂ ಬಹಳ ಆರಾಮು. ವಿಷಯ ಏನೆಂದರೆ, ನಾನು ಎಲೆಕ್ಷನ್ನಿಗೆ ನಿಂತೆ. ಗೆದ್ದೂ ಬಿಟ್ಟೆ.

ಬೇಕಂತ ನಿಂತದ್ದಲ್ಲ, ಕೇಳು. ಶಾಲೆಯ ಹಾಸ್ಟೆಲ್ಲಿನಲ್ಲಿ ವಾರ್ಡನ್ ಬಾಗಿಲಿಗೆ ಬಂದರೆ ತಟ್ಟೆ ಬಿಟ್ಟು ಎದ್ದು ನಿಲ್ಲಬೇಕಿತ್ತಲ್ಲ, ಆ ಚಾಳಿ ಇನ್ನೂ ಹೋಗಿಲ್ಲ. ಇಲ್ಲಿ ಯೂನಿವರ್ಸಿಟಿಯಲ್ಲಿ ಯಾರೂ ಏಳುವುದಿಲ್ಲ. ಅವತ್ತು ಮೃತ್ಯುಂಜಯ ಸರ್ ಕ್ಲಾಸಿನೊಳಗೆ ಬರುತ್ತಲೇ, "ವಿದ್ಯಾರ್ಥಿ ಸಂಘಕ್ಕ ನಿಮ್ಮ ಕ್ಲಾಸಿನಿಂದ ಒಬ್ಬರು ಬೇಕು. ಯಾರ್ ನಿಲ್ತೀರಿ?" ಅಂದರು. ನಾನು ಆಗಲೇ ನಿಂತಿದ್ದೆ! ಇಡೀ ಕ್ಲಾಸು ಹೋ ಅಂತ ಚಪ್ಪಾಳೆ. ಹಿಂದಿನ ಬೆಂಚಿನಿಂದ ಹಿರೇಕೆರೂರಿನ ಮಾಲತೇಶ ನಮ್ಮೂರಿನ ಹೆಸರು ಹಿಡಿದು, "ಸರ್, ಸವಣೂರ ನವಾಬರು ಎದ್ದಾರ, ನಾವೆಲ್ಲಾ ಕುಂತಬಿಡ್ತೇವ್ರಿ" ಅಂದ. ಆಮೇಲೆ ಅವನೂ ನಿಂತ ಅನ್ನು.

ಸರ್ ಸಂಘದ ಹಳೆಯ ಕಥೆ ಹೇಳಿದರು. ಅವರು ಓದುವಾಗ ಎಲೆಕ್ಷನ್ ಅಂದರೆ ಜೀಪು, ಮೈಕು, ಗೋಡೆ ತುಂಬ ಹೆಸರು, ಕೊನೆಗೆ ಕಲ್ಲು. ಅಪ್ಪನ ಹಣೆಯ ಹೊಲಿಗೆ ಗುರುತೂ ಆ ಕಾಲದ್ದೇ ಅಲ್ಲವೇ? ಆಮೇಲೆ ಓಟು ಹಾಕುವುದೇ ಬಂದ್ ಆಯಿತು. ಮಾರ್ಕ್ಸ್ ಹೆಚ್ಚು ಬಂದವರನ್ನು ಸರ್‌ಗಳೇ ಆರಿಸತೊಡಗಿದರು. "ಅವರ ಕೆಲಸ ಏನಪಾ ಅಂದ್ರ, ಗ್ಯಾದರಿಂಗಿನ್ಯಾಗ ಅತಿಥಿಗಳಿಗೆ ಹಾರ ಹಾಕೂದು. ಕಲ್ಲು ಹೋತು ಖರೆ, ಮಾತೂ ಹೋತು" ಅಂದರು. ಈ ವರ್ಷ ನಮ್ಮ ವಿಭಾಗದಲ್ಲಿ ಓಟಿನ ಚೀಟಿ ಹಾಕಿ ಆರಿಸಿ ನೋಡೋಣ ಅಂತ ಮಾಡಿದ್ದರಂತೆ.

ಚೀಟಿ ಎಣಿಸಿ ನಾನು ಗೆದ್ದ ದಿನ ನನಗೆ ಊಟ ಸೇರಲಿಲ್ಲ. ನನ್ನ ಲ್ಯಾಬ್ ಪಾರ್ಟ್ನರ್ ಅಂಕಿತಾ ದಿನಾ ಹತ್ತಿಮತ್ತೂರಿನಿಂದ ಬಂದು ಹೋಗುತ್ತಾಳೆ. ಮಂಗಳವಾರ ಪ್ರಾಕ್ಟಿಕಲ್ ಮುಗಿಯುವ ಮೊದಲೇ ಅವಳ ಬಸ್ಸು ಬಿಡುತ್ತದೆ. ನಡುವೆ ಎದ್ದು ಹೋದರೆ ಆಬ್ಸೆಂಟ್. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮುಂದಿನ ಬಸ್ಸಿಗೆ ಹೋದರೆ ಕತ್ತಲೆ; ಅವಳ ಅಪ್ಪ ಉಳಿವೆಪ್ಪನವರು "ಹಿಂಗಾದ್ರ ಓದು ಸಾಕ ಮಾಡವಾ" ಅಂದುಬಿಟ್ಟಿದ್ದರು. "ನೀ ಮೀಟಿಂಗಿನ್ಯಾಗ ಹೇಳ್ತೀಯೋ, ಹಾರ ಹಿಡಕೊಂಡು ನಿಲ್ತೀಯೋ?" ಅಂತ ಅಂಕಿತಾ ನಗುತ್ತಲೇ ಕೇಳಿದಳು. ನನಗೆ ನಗು ಬರಲಿಲ್ಲ.

ಹೋದ ವಾರ ಸಂಘದ ಮೀಟಿಂಗು. ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ್ದೆ. ಇಂಗ್ಲಿಷಿನಲ್ಲಿ ಸರಿಯಾಗಿ ಬರುತ್ತಿತ್ತು, ಕನ್ನಡಕ್ಕೆ ಬಂದರೆ ನಾಲಿಗೆ ತೊಡರುತ್ತಿತ್ತು. ದೊಡ್ಡವರೆಲ್ಲ ಮಾತಾಡಲಿ, ನನ್ನ ಸರದಿ ಬರುವಷ್ಟರಲ್ಲಿ ಟೈಮ್ ಮುಗಿಯಲಿ ದೇವರೇ ಅಂತ ಮೂಲೆಯಲ್ಲಿ ಕೂತೆ. ಅಷ್ಟರಲ್ಲಿ ಕುಲಸಚಿವರು ಒಳಗೆ ಬಂದರು. ಎದ್ದು ನಿಂತೆ. ನಾನೊಬ್ಬಳೇ!

"ಏನವಾ, ಭಾಳ ಅವಸರದಾಗ ಇದ್ದೀ. ಮದಲ ನಿಂದ ಹೇಳಿಬಿಡು" ಅಂದರು.

ಅಕ್ಕಾ, ಬಾಯಿಪಾಠವೆಲ್ಲ ಹಾರಿಹೋಯಿತು. "ಸರ್, ಅಂಕಿತಾನ ಬಸ್ಸು ಹೋಗ್ತದರಿ" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರು ಮಾತ್ರ ನಗದೆ "ಯಾವ ಬಸ್ಸು?" ಅಂದರು. ಆಮೇಲೆ ಅದು ಹೇಗೆ ಬಂತೋ, ಅರ್ಧ ಇಂಗ್ಲಿಷು, ಅರ್ಧ ನಮ್ಮ ಮನೆ ಮಾತು, ಪೂರ್ತಿ ಹೇಳಿದೆ. ಕೊನೇ ವರ್ಷದ ಪ್ರತಿನಿಧಿ, ಆಡೂರಿನ ರಫೀಕ, "ನಮ್ಮ ಕ್ಲಾಸಿನ್ಯಾಗೂ ಇದ ತ್ರಾಸ ಐತ್ರಿ ಸರ್" ಅಂತ ದನಿಗೂಡಿಸಿದ.

ಕುಲಸಚಿವರು ಟೈಮ್‌ಟೇಬಲ್ ಬದಲಿಸಲು ಹೇಳಿದರು; ಮೊನ್ನೆ ಮಂಗಳವಾರ ಮಧ್ಯಾಹ್ನದ ಪ್ರಾಕ್ಟಿಕಲ್ ಬೆಳಿಗ್ಗೆಯೇ ಆಯಿತು! ಅಂಕಿತಾ ಮನೆಯಿಂದ ಶೇಂಗಾ ಹೋಳಿಗೆ ತಂದಿದ್ದಳು. ಮಾಲತೇಶ ಎರಡು ತಿಂದು, "ಆತ ಬಿಡ್ರಿ ನವಾಬರ, ನೀವು ನಿಂತಿದ್ದಕ್ಕ ಬಸ್ಸೂ ನಿಂತು" ಅಂದ. ಅವತ್ತು ನಾನು ಹೊಟ್ಟೆ ತುಂಬ ಉಂಡೆ.

ಅಪ್ಪನಿಗೆ ನೀನೇ ನಿಧಾನಕ್ಕೆ ಹೇಳು. ಜೀಪಿಲ್ಲ, ಕಲ್ಲಿಲ್ಲ, ಬರೀ ಒಂದು ಬಸ್ಸು ಅಂತ ಹೇಳು.

ನಿನ್ನ ತಂಗಿ,
ಸುಮೇಧಾ

ತಾ.ಕ.: ಬೇಕಂತ ನಿಂತದ್ದಲ್ಲ ಅಂತ ಮೇಲೆ ಬರೆದೆನಲ್ಲ. ಅವತ್ತು ಚಪ್ಪಾಳೆ ಮುಗಿದ ಮೇಲೆ ಸರ್ ನನ್ನ ಮುಖ ನೋಡಿ, "ತಪ್ಪಿ ಎದ್ದಿದ್ರ ಕುಂದರವಾ, ಯಾರೂ ಏನೂ ಅನ್ನೂದಿಲ್ಲ" ಅಂದಿದ್ದರು. ನಾನು ಕೂರಲಿಲ್ಲ. ಇದನ್ನೂ ಅಪ್ಪನಿಗೆ ಹೇಳಬೇಕೋ ಬೇಡವೋ, ತಿಳಿಯುತ್ತಿಲ್ಲ. ಬೇಗ ಉತ್ತರ ಬರೆ.